ಕೈಗೊಂದೇ ರಿಮೋಟ್, ಮನೆತುಂಬ ಸ್ಮಾರ್ಟ್ ಸ್ವಿಚ್: ಇವೆರಡನ್ನೂ ಕೂಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ ತೋಟದ ಮನೆ. ಹಳೆಯ ಹೆಂಚಿನ ಮನೆಗೆ ಸೇರಿಸಿ ಎರಡು ಕೋಣೆಗಳನ್ನು ಹೊಸದಾಗಿ ಕಟ್ಟಿಸಿದ್ದೇವೆ. ಹಜಾರದಲ್ಲಿ ಟಿವಿ, ಡಿಶ್‌ನ ಸೆಟ್‌ಟಾಪ್ ಬಾಕ್ಸ್, ಫೈರ್ ಟಿವಿ ಸ್ಟಿಕ್, ಸೌಂಡ್‌ಬಾರ್ ಮತ್ತು ರಿಮೋಟ್‌ನಿಂದ ನಡೆಯುವ ಫ್ಯಾನ್ ಇವೆ. ಗೇಟಿಗೂ ಮೋಟಾರು ಇದೆ. ಬೆಂಗಳೂರಿನಲ್ಲಿರುವ ನನ್ನ ಮೈದುನ ಕಳೆದ ದೀಪಾವಳಿಗೆ ಬಂದಾಗ ದೀಪಗಳಿಗೆ ಸ್ಮಾರ್ಟ್ ಸ್ವಿಚ್ ಹಾಕಿಸಿ, ಟಿವಿಯ ಎದುರು ಐಆರ್ ಹಬ್ (ಫೋನಿನ ಆಜ್ಞೆಯನ್ನು ರಿಮೋಟಿನ ಸಂಕೇತವಾಗಿ ಕಳುಹಿಸುವ ಪೆಟ್ಟಿಗೆ) ಇಟ್ಟು, ಎಲ್ಲವನ್ನೂ ಫೋನಿಗೆ ಜೋಡಿಸಿಕೊಟ್ಟ. ಆದರೆ ಎಪ್ಪತ್ತೆಂಟು ವರ್ಷದ ನಮ್ಮ ಮಾವನವರಿಗೆ ಫೋನೂ ಬೇಡ, ಯಂತ್ರದ ಜತೆ ಮಾತಾಡುವುದೂ ಬೇಡ. ಗುಂಡಿಗಳಿರುವ ಒಂದೇ ಒಂದು ರಿಮೋಟ್ ಸಾಕು ಎನ್ನುತ್ತಾರೆ. ಅದಕ್ಕಾಗಿ ಹಳೆಯ ರಿಮೋಟ್‌ಗಳಿಂದ ಕಲಿಯಬಲ್ಲ ಯೂನಿವರ್ಸಲ್ ರಿಮೋಟ್ ತಂದೆವು. ಅದನ್ನು ಟಿವಿ ಕೇಳುತ್ತದೆ, ಸ್ಟಿಕ್ ಕೇಳುವುದಿಲ್ಲ. ಸೆಟ್‌ಟಾಪ್ ಬಾಕ್ಸಿಗೆ 122 ಒತ್ತಿದರೆ 12 ಎಂದೇ ಬೀಳುತ್ತದೆ. ಟಿವಿ ಓಡುತ್ತಿರುವಾಗಲೇ ಫೋನಿನಲ್ಲಿ ‘ಆಫ್’ ಎಂದು ತೋರಿಸುತ್ತದೆ. ರಾತ್ರಿ ಕರೆಂಟ್ ಹೋಗಿ ಬಂದರೆ ದೀಪಗಳೆಲ್ಲ ತಾವಾಗಿ ಹತ್ತಿಕೊಳ್ಳುತ್ತವೆ. ಕೆಟ್ಟಿರುವುದು ರಿಮೋಟೋ, ಹಬ್ಬೋ? ಎಲ್ಲವನ್ನೂ ತೆಗೆಸಿ ಹೊಸದು ಹಾಕಿಸಬೇಕೆ? ಗೇಟನ್ನೂ ಅದೇ ರಿಮೋಟಿಗೆ ಸೇರಿಸಬಹುದೆ?

ಉತ್ತರ: ನೀವು ಹೇಳಿರುವ ನಾಲ್ಕು ತೊಂದರೆಗಳಿಗೆ ಕಾರಣಗಳು ಬೇರೆಬೇರೆ. ಆದರೆ ಅವುಗಳಲ್ಲಿ ಒಂದೂ ರಿಮೋಟ್ ಅಥವಾ ಹಬ್ ಕೆಟ್ಟಿದೆ ಎಂಬುದರ ಗುರುತಲ್ಲ. ಆದ್ದರಿಂದ ಯಾವುದನ್ನೂ ತೆಗೆಸಬೇಕಾಗಿಲ್ಲ. ನಿಮ್ಮ ಮಾವನವರ ಬೇಡಿಕೆ ಸಂಪೂರ್ಣ ನ್ಯಾಯವಾದದ್ದು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಕತ್ತಲಲ್ಲೂ ಬೆರಳಿಗೆ ಸಿಗುವ ಗುಂಡಿ, ಒತ್ತಿದ ಕೂಡಲೇ ಆಗುವ ಕೆಲಸ, ಇವೆರಡನ್ನೂ ಫೋನಿನ ಆ್ಯಪ್ ಕೊಡಲಾರದು. ಹಾಸನ, ಚಿಕ್ಕಮಗಳೂರು ಕಡೆಯ ತೋಟದ ಮನೆಗಳಲ್ಲಿ ಈ ಕೆಲಸ ಮಾಡುತ್ತ ನಾನು ಕಂಡುಕೊಂಡದ್ದೇನೆಂದರೆ, ಮನೆಯ ಹಿರಿಯರು ನಿರಾತಂಕವಾಗಿ ಬಳಸಲಾಗದ ವ್ಯವಸ್ಥೆ ಹೆಚ್ಚು ದಿನ ಬಾಳುವುದಿಲ್ಲ. ಮಗ ಊರಿಗೆ ಹೊರಟ ಮರುವಾರವೇ ಹಳೆಯ ರಿಮೋಟ್‌ಗಳು ಮೇಜಿನ ಮೇಲೆ ಮತ್ತೆ ಸಾಲಾಗಿ ಬಂದು ಕೂರುತ್ತವೆ.

ಟಿವಿ ರಿಮೋಟಿನ ತುದಿಯಲ್ಲಿರುವ ಸಣ್ಣ ಎಲ್‌ಇಡಿ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್, ಚಿಕ್ಕದಾಗಿ ಐಆರ್) ಬೆಳಕನ್ನು ಸೂಸುತ್ತದೆ. ಆ ಬೆಳಕು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗುತ್ತದೆ, ಮತ್ತು ಆ ಮಿನುಗನ್ನು ಗಿಡ್ಡ, ಉದ್ದ ತುಣುಕುಗಳಾಗಿ ಬಿಡಿಸಿದಾಗ ಅದೊಂದು ಆಜ್ಞೆಯಾಗುತ್ತದೆ. ಬಹಳ ಕಂಪನಿಗಳು ಬಳಸುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡು ಬೆಳಕು, ಬಳಿಕ 4.5 ಮಿಲಿಸೆಕೆಂಡು ಬಿಡುವು, ಅದರ ಹಿಂದೆಯೇ 32 ಬಿಟ್‌ಗಳ (0 ಅಥವಾ 1 ಎಂಬ ಅಂಕೆಗಳ) ಸಂದೇಶ ಬರುತ್ತದೆ. ಸೋನಿಯ ಪದ್ಧತಿ 40 ಕಿಲೋಹರ್ಟ್ಸ್‌ನದು, ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಪದ್ಧತಿ 36 ಕಿಲೋಹರ್ಟ್ಸ್‌ನದು. ಪದ್ಧತಿ ಯಾವುದೇ ಇರಲಿ, ಎಲ್ಲಕ್ಕೂ ಸಾಮಾನ್ಯವಾದ ಒಂದು ಮಿತಿಯಿದೆ: ಈ ಮಾತು ಒಮ್ಮುಖವಾದದ್ದು. ಅಂಚೆಪೆಟ್ಟಿಗೆಗೆ ಹಾಕಿದ ಸಾದಾ ಕಾಗದದಂತೆ, ತಲುಪಿತೇ ಇಲ್ಲವೇ ಎಂಬುದು ಕಳುಹಿಸಿದವರಿಗೆ ತಿಳಿಯುವುದಿಲ್ಲ. ನಿಮ್ಮ ಸ್ಮಾರ್ಟ್ ಸ್ವಿಚ್ ಹಾಗಲ್ಲ. ‘ಹತ್ತಿದ್ದೇನೆ’, ‘ಆರಿದ್ದೇನೆ’ ಎಂದು ಅದು ಹಬ್‌ಗೋ ಆ್ಯಪ್‌ಗೋ ಮರಳಿ ವರದಿ ಮಾಡುತ್ತದೆ. ಯೂನಿವರ್ಸಲ್ ರಿಮೋಟನ್ನು ಮನೆಯ ಸ್ವಯಂಚಾಲಿತ ವ್ಯವಸ್ಥೆಗೆ ಕೂಡಿಸುವಾಗ ಎದುರಾಗುವ ಬಹುಪಾಲು ತೊಡಕುಗಳು ಉತ್ತರ ಕೊಡುವ ಸಾಧನ ಮತ್ತು ಉತ್ತರ ಕೊಡದ ಸಾಧನಗಳ ನಡುವಿನ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಫೋನಿನಲ್ಲಿ ‘ಆಫ್’ ಎಂದು ತೋರಿಸುವುದನ್ನೇ ತೆಗೆದುಕೊಳ್ಳಿ. ಬಹಳಷ್ಟು ಟಿವಿಗಳ ಪವರ್ ಗುಂಡಿಗೆ ಒಂದೇ ಸಂಕೇತ. ಆರಿದ್ದರೆ ಹತ್ತುತ್ತದೆ, ಹತ್ತಿದ್ದರೆ ಆರುತ್ತದೆ. ಹಬ್ ತಾನು ಕೊನೆಯ ಸಲ ಏನು ಕಳುಹಿಸಿದೆ ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಟಿವಿಯ ಸ್ಥಿತಿಯನ್ನು ಊಹಿಸುತ್ತದೆ. ಮಾವನವರು ಟಿವಿಯ ಸ್ವಂತ ರಿಮೋಟನ್ನು ಒಮ್ಮೆ ಒತ್ತಿದರೂ ಆ ಊಹೆ ತಲೆಕೆಳಗಾಗುತ್ತದೆ. ಆಮೇಲೆ ‘ಎಲ್ಲ ಆಫ್’ ಎಂಬ ಆಜ್ಞೆ ಕೊಟ್ಟಾಗ ಆರಿದ್ದ ಟಿವಿ ಹತ್ತಿಕೊಳ್ಳುವುದು ಇದರಿಂದಲೇ.

122 ಒತ್ತಿದರೆ 12 ಬೀಳುವುದು ಇನ್ನಷ್ಟು ಸೂಕ್ಷ್ಮವಾದ ವಿಷಯ. ನೀವು ಅಷ್ಟು ವಿವರವಾಗಿ ಬರೆದದ್ದರಿಂದಲೇ ಕಾರಣವನ್ನು ಊಹಿಸಲು ಸಾಧ್ಯವಾಯಿತು. ಆರ್‌ಸಿ-5ರಂಥ ಪದ್ಧತಿಗಳಲ್ಲಿ ಪ್ರತಿ ಸಲ ಗುಂಡಿ ಒತ್ತಿದಾಗಲೂ ಸಂದೇಶದೊಳಗಿನ ಒಂದು ಬಿಟ್ ಅದಲುಬದಲಾಗುತ್ತದೆ. ಗುಂಡಿಯನ್ನು ಒತ್ತಿ ಹಿಡಿದಿದ್ದಾರೋ, ಬಿಟ್ಟು ಮತ್ತೆ ಒತ್ತಿದ್ದಾರೋ ಎಂಬುದನ್ನು ಪೆಟ್ಟಿಗೆ ಅದರಿಂದ ತಿಳಿದುಕೊಳ್ಳುತ್ತದೆ. ಯೂನಿವರ್ಸಲ್ ರಿಮೋಟ್ ಮೂಲ ರಿಮೋಟಿನಿಂದ ಒಂದು ಸಲ ಕಲಿತದ್ದನ್ನೇ ಯಥಾವತ್ತಾಗಿ ಒಪ್ಪಿಸುವುದರಿಂದ ಆ ಬಿಟ್ ಬದಲಾಗುವುದೇ ಇಲ್ಲ. ಹಾಗಾಗಿ ಎರಡನೆಯ 2 ಅನ್ನು ಪೆಟ್ಟಿಗೆಯು ‘ಮೊದಲಿನ ಗುಂಡಿಯನ್ನೇ ಇನ್ನೂ ಹಿಡಿದಿದ್ದಾರೆ’ ಎಂದು ತಿಳಿದು ಬಿಟ್ಟುಬಿಡುತ್ತದೆ. ಪರಿಹಾರ ಸುಲಭ: ಕಲಿಸಿದ್ದನ್ನು ಅಳಿಸಿ, ರಿಮೋಟಿನ ಜತೆ ಬಂದ ಪುಸ್ತಿಕೆಯಲ್ಲಿ ನಿಮ್ಮ ಡಿಶ್ ಕಂಪನಿಗೆ ಕೊಟ್ಟಿರುವ ಸಂಕೇತ ಸಂಖ್ಯೆಗಳನ್ನು ಒಂದೊಂದಾಗಿ ಹಾಕಿ ನೋಡಿ. ರಿಮೋಟಿನೊಳಗೇ ಇರುವ ಸಂಕೇತಗಳನ್ನು ಬಳಸಿದಾಗ ಅದು ಪದ್ಧತಿಯನ್ನು ಅರಿತು ಆ ಬಿಟ್ಟನ್ನು ತಾನೇ ಬದಲಿಸುತ್ತದೆ.

ಕಲಿಸುವುದಕ್ಕೆ ಇರುವ ಇನ್ನೊಂದು ಮಿತಿಯನ್ನು ಕಡೂರು, ಅರಸೀಕೆರೆ ಕಡೆಯ ಬಯಲುಸೀಮೆಯಲ್ಲಿ ಎಸಿ ಇಟ್ಟುಕೊಂಡಿರುವ ಓದುಗರಿಗಾಗಿ ಹೇಳುತ್ತೇನೆ. ಎಸಿ ರಿಮೋಟ್ ಸಾಮಾನ್ಯವಾಗಿ ಪ್ರತಿ ಒತ್ತಿನಲ್ಲೂ ಉಷ್ಣಾಂಶ, ಫ್ಯಾನಿನ ವೇಗ, ವಿಧಾನ ಎಲ್ಲವನ್ನೂ ಒಟ್ಟಿಗೆ ಕಳುಹಿಸುತ್ತದೆ. ‘ಪ್ಲಸ್’ ಗುಂಡಿಯನ್ನು ಕಲಿಸಿದೆವೆಂದುಕೊಂಡರೆ ನಿಜವಾಗಿ ಕಲಿಸಿದ್ದು ‘24 ಡಿಗ್ರಿ, ತಂಪು, ಕಡಿಮೆ ವೇಗ’ ಎಂಬ ಇಡೀ ಸ್ಥಿತಿಯನ್ನು. ಎಷ್ಟು ಸಲ ಒತ್ತಿದರೂ 24 ದಾಟುವುದಿಲ್ಲ.

ಸ್ಟಿಕ್ ಏಕೆ ಕೇಳುವುದಿಲ್ಲ ಎಂಬುದನ್ನು ನೀವೇ ಕಣ್ಣಾರೆ ನೋಡಬಹುದು. ಫೋನಿನ ಮುಂಬದಿಯ ಕ್ಯಾಮೆರಾ ತೆರೆದು, ಕೋಣೆಯನ್ನು ಸ್ವಲ್ಪ ಮಬ್ಬು ಮಾಡಿ, ಒಂದೊಂದೇ ರಿಮೋಟನ್ನು ಅದರ ಮುಂದೆ ಹಿಡಿದು ಗುಂಡಿ ಒತ್ತಿ. ಹಿಂಬದಿಯ ಕ್ಯಾಮೆರಾಗಳು ಬಹಳ ಸಲ ಅವಗೆಂಪು ಬೆಳಕನ್ನು ಸೋಸಿಬಿಡುವುದರಿಂದ ಮುಂಬದಿಯದನ್ನೇ ಬಳಸಬೇಕು. ಟಿವಿ ರಿಮೋಟಿನ ತುದಿಯಲ್ಲಿ ನೇರಳೆ ಬಣ್ಣದ ಚುಕ್ಕಿ ಪಟಪಟನೆ ಮಿಟುಕುವುದು ಪರದೆಯ ಮೇಲೆ ಕಾಣುತ್ತದೆ. ಈಗ ಸ್ಟಿಕ್‌ನ ರಿಮೋಟನ್ನು ಹಿಡಿದು ಬಾಣದ ಗುಂಡಿ ಒತ್ತಿ, ಏನೂ ಕಾಣುವುದಿಲ್ಲ. ಅದೇ ರಿಮೋಟಿನ ವಾಲ್ಯೂಮ್ ಗುಂಡಿ ಒತ್ತಿದರೆ ಚುಕ್ಕಿ ಮಿಟುಕಬಹುದು. ಏಕೆಂದರೆ ಅದು ಸ್ಟಿಕ್ ಜತೆ ಬ್ಲೂಟೂತ್‌ನಲ್ಲಿ ಮಾತಾಡುತ್ತದೆ. ಟಿವಿ ಅಥವಾ ಸೌಂಡ್‌ಬಾರ್‌ನ ಶಬ್ದವನ್ನು ಏರಿಸಿ ಇಳಿಸಲು, ಅವನ್ನು ಹತ್ತಿಸಿ ಆರಿಸಲು ಮಾತ್ರ ಅವಗೆಂಪು ಬೆಳಕನ್ನು ಬಳಸುತ್ತದೆ. ಸ್ಟಿಕ್‌ನಲ್ಲಿ ಅವಗೆಂಪು ಬೆಳಕನ್ನು ನೋಡುವ ಕಣ್ಣೇ ಇಲ್ಲದಿರುವಾಗ ಎಷ್ಟು ಬೆಲೆಯ ಐಆರ್ ರಿಮೋಟ್ ತಂದರೂ ಅದು ಕೇಳಿಸಿಕೊಳ್ಳದು. ನಿಮ್ಮ ಫ್ಯಾನಿನ ರಿಮೋಟನ್ನೂ ಇದೇ ರೀತಿ ಪರೀಕ್ಷಿಸಿ. ಚುಕ್ಕಿ ಕಂಡರೆ ಯೂನಿವರ್ಸಲ್ ರಿಮೋಟಿಗೆ ಕಲಿಸಬಹುದು. ಕಾಣದಿದ್ದರೆ ಅದು ರೇಡಿಯೋ ಅಲೆಯದು, ಅದಕ್ಕೆ ಬೇರೆ ದಾರಿ ಬೇಕು.

ಇಲ್ಲಿ ಎರಡು ತಪ್ಪು ನಂಬಿಕೆಗಳ ಬಗ್ಗೆ ಹೇಳಬೇಕು, ಏಕೆಂದರೆ ಇವುಗಳಿಂದ ಜನ ಹಣ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಇನ್ನೂ ದುಬಾರಿ ರಿಮೋಟ್ ತಂದರೆ ಸರಿಹೋಗುತ್ತದೆ ಎಂಬುದು ಮೊದಲನೆಯದು. ಐಆರ್ ಜತೆಗೆ ಬ್ಲೂಟೂತ್, ವೈಫೈ ಇರುವ, ಸ್ವಂತ ಹಬ್ ಹೊಂದಿದ ರಿಮೋಟ್‌ಗಳು ಸ್ಟಿಕ್ಕನ್ನೂ ನಡೆಸಬಲ್ಲವು ಎಂಬುದು ನಿಜ. ಆದರೆ ಅವುಗಳ ಸಂಕೇತ ಭಂಡಾರವೂ ಹೊಂದಾಣಿಕೆಯ ಸೌಲಭ್ಯವೂ ಕಂಪನಿಯ ಸರ್ವರನ್ನು ಅವಲಂಬಿಸಿರುತ್ತವೆ. ಈ ಬಗೆಯ ರಿಮೋಟ್‌ಗಳಲ್ಲಿ ಅತ್ಯಂತ ಹೆಸರುವಾಸಿಯಾಗಿದ್ದ ಹಾರ್ಮನಿ ಸರಣಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ಲಾಜಿಟೆಕ್ ಕಂಪನಿ 2021ರಲ್ಲಿ ಪ್ರಕಟಿಸಿತು. ಈಗಾಗಲೇ ಕೊಂಡವರಿಗೆ ಸೇವೆ ಮುಂದುವರಿಸುವುದಾಗಿ ಹೇಳಿತಾದರೂ, ಇಂದು ಯಾರಾದರೂ ಹಳೆಯ ಹಾರ್ಮನಿ ಅಗ್ಗಕ್ಕೆ ಸಿಗುತ್ತದೆ ಎಂದರೆ ಮುಂದೆ ಹೊಸ ಸಾಧನಗಳ ಸಂಕೇತ ಸಿಗದೇ ಹೋಗಬಹುದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ತೆಗೆದುಕೊಳ್ಳಬೇಕು. ಎರಡನೆಯದು, 2022ರ ಅಕ್ಟೋಬರ್‌ನಲ್ಲಿ ಹೊರಬಂದ ‘ಮ್ಯಾಟರ್’ ಎಂಬ ಸಾಮಾನ್ಯ ಮಾನದಂಡ ಎಲ್ಲವನ್ನೂ ಒಂದು ಮಾಡಿಬಿಟ್ಟಿದೆ ಎಂಬ ನಂಬಿಕೆ. ಬೇರೆಬೇರೆ ಕಂಪನಿಗಳ ಸ್ವಿಚ್, ಬಲ್ಬ್, ಪ್ಲಗ್‌ಗಳನ್ನು ಮನೆಯೊಳಗೇ ಹೊಂದಿಸುವುದಕ್ಕೆ ಅದು ಒಳ್ಳೆಯದೇ. ಆದರೆ ನಿಮ್ಮ ಸೆಟ್‌ಟಾಪ್ ಬಾಕ್ಸ್ ಆಡುವ ಅವಗೆಂಪು ಭಾಷೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ದಾರಿಗಳು. ಮೊದಲನೆಯದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಎಚ್‌ಡಿಎಂಐ ಕೇಬಲ್ ಮೂಲಕ ಜೋಡಿಸಿದ ಸಾಧನಗಳು ಪರಸ್ಪರ ಆಜ್ಞೆ ಕೊಟ್ಟುಕೊಳ್ಳುವ ಸಿಇಸಿ ಎಂಬ ಸೌಲಭ್ಯ ಬಹುತೇಕ ಟಿವಿಗಳಲ್ಲಿದೆ. ಸ್ಯಾಮ್‌ಸಂಗ್ ಅದನ್ನು ಎನಿನೆಟ್‌ಪ್ಲಸ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ ಕರೆಯುತ್ತವೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೂ ಆನ್ ಮಾಡಿ. ಸೌಂಡ್‌ಬಾರನ್ನು ಟಿವಿಯಲ್ಲಿ ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೆ ಜೋಡಿಸಿ. ಆಮೇಲೆ ಟಿವಿ ರಿಮೋಟಿನ ಬಾಣದ ಗುಂಡಿಗಳನ್ನೇ ಟಿವಿಯು ಸ್ಟಿಕ್‌ಗೆ ದಾಟಿಸುತ್ತದೆ, ವಾಲ್ಯೂಮನ್ನು ಸೌಂಡ್‌ಬಾರ್‌ಗೆ ಕಳುಹಿಸುತ್ತದೆ. ನಿಮ್ಮ ಯೂನಿವರ್ಸಲ್ ರಿಮೋಟ್ ಟಿವಿ ರಿಮೋಟಿನಂತೆ ವರ್ತಿಸಬಲ್ಲದಾದ್ದರಿಂದ ಸ್ಟಿಕ್ ಕೂಡ ಅದರ ಹಿಡಿತಕ್ಕೆ ಬರುತ್ತದೆ. ಒಂದು ಸಾಧನ ಹತ್ತಿದೊಡನೆ ಟಿವಿ ತಾನಾಗಿ ಅದರ ಕಡೆಗೆ ಹೊರಳುವುದು ಕೆಲವರಿಗೆ ಕಿರಿಕಿರಿ ಎನಿಸಬಹುದು. ಕೆಲವು ಟಿವಿಗಳು ಎಲ್ಲ ಗುಂಡಿಗಳನ್ನೂ ದಾಟಿಸುವುದಿಲ್ಲ. ಆದರೂ ನಿಮ್ಮಂಥ ಹಜಾರಕ್ಕೆ ನಾನು ಮೊದಲು ಮಾಡುವುದು ಇದನ್ನೇ, ಮತ್ತು ಅನೇಕ ಮನೆಗಳಲ್ಲಿ ಇಲ್ಲಿಗೇ ತೃಪ್ತಿಯಾಗಿ ಮುಂದೆ ಹೋಗಬೇಕಾಗಿ ಬರುವುದಿಲ್ಲ.

ಟಿವಿಯ ಸ್ಥಿತಿ ಹಬ್‌ಗೆ ಗೊತ್ತಾಗಬೇಕಾದರೆ ಎರಡು ಬಗೆಗಳಿವೆ. ಟಿವಿ ವೈಫೈಗೆ ಸೇರಿದ್ದರೆ ಐಆರ್ ಬದಲು ನೆಟ್‌ವರ್ಕ್ ಮೂಲಕವೇ ಅದನ್ನು ಜೋಡಿಸುವುದು ಉತ್ತಮ, ಆಗ ಟಿವಿಯೇ ಉತ್ತರ ಕೊಡುತ್ತದೆ. ಅದಾಗದಿದ್ದರೆ ವಿದ್ಯುತ್ ಬಳಕೆ ಅಳೆಯುವ ಸ್ಮಾರ್ಟ್ ಪ್ಲಗ್‌ನಲ್ಲಿ ಟಿವಿಯ ತಂತಿ ಸಿಕ್ಕಿಸಿ. ನಿದ್ರೆಯಲ್ಲಿರುವ ಟಿವಿ ತೀರ ಅಲ್ಪ ವಿದ್ಯುತ್ ಎಳೆಯುತ್ತದೆ, ಹತ್ತಿರುವ ಟಿವಿ ಹತ್ತಾರು ವ್ಯಾಟ್ ಎಳೆಯುತ್ತದೆ. ‘ಬಳಕೆ 10 ವ್ಯಾಟ್ ಮೀರಿದ್ದರೆ ಮಾತ್ರ ಪವರ್ ಸಂಕೇತ ಕಳುಹಿಸು’ ಎಂಬ ಒಂದು ನಿಯಮ ಬರೆದರೆ ‘ಎಲ್ಲ ಆಫ್’ ಗುಂಡಿ ಟಿವಿಯನ್ನು ತಪ್ಪಿಯೂ ಹತ್ತಿಸುವುದಿಲ್ಲ.

ನಿಜವಾದ ಜೋಡಣೆಯ ಪ್ರಶ್ನೆ ದೀಪಗಳದು: ಮಾವನವರ ಕೈಯ ಐಆರ್ ರಿಮೋಟ್ ಸ್ಮಾರ್ಟ್ ಸ್ವಿಚ್‌ಗೆ ಹೇಗೆ ಆಜ್ಞೆ ಕೊಡಬೇಕು? ಐಆರ್ ಹಬ್‌ಗಳು ಸಾಮಾನ್ಯವಾಗಿ ಹೇಳುತ್ತವೆ, ಕೇಳುವುದಿಲ್ಲ. ಸಂಕೇತ ಕಲಿಯುವ ಹೊತ್ತಿನಲ್ಲಿ ಮಾತ್ರ ಕಣ್ಣು ತೆರೆಯುತ್ತವೆ. ಆದ್ದರಿಂದ ಕೇಳುವ ಕಣ್ಣೊಂದನ್ನು ಬೇರೆಯಾಗಿ ಇಡಬೇಕು. ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡಿಗೆ 38 ಕಿಲೋಹರ್ಟ್ಸ್‌ನ ಐಆರ್ ರಿಸೀವರ್ ಸೇರಿಸಿದರೆ ಅದು ಸಿದ್ಧವಾಗುತ್ತದೆ. ಬಿಡಿಭಾಗಗಳಿಗೆ ಬೀಳುವುದು ಕೆಲವು ನೂರು ರೂಪಾಯಿ. ಅದು ಕೇಳಿದ್ದನ್ನು, ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್‌ಗೆ ತಲುಪಿಸುತ್ತದೆ. 2013ರಲ್ಲಿ ಆರಂಭವಾದ, ಉಚಿತವಾಗಿ ಸಿಗುವ ಈ ಮುಕ್ತ ತಂತ್ರಾಂಶವನ್ನು ಸಣ್ಣ ಕಂಪ್ಯೂಟರೊಂದರಲ್ಲಿ ಹಾಕಿ ಮನೆಯಲ್ಲೇ ಇಟ್ಟುಕೊಳ್ಳಬಹುದು. ಇನ್ನು ಬೇಕಾಗಿರುವುದು ಮನೆಯ ಬೇರಾವ ಸಾಧನವೂ ಕೇಳದ ಕೆಲವು ಸಂಕೇತಗಳು. ಅಟ್ಟದ ಮೇಲೆ ಬಿದ್ದಿರುವ ಹಳೆಯ ಡಿವಿಡಿ ಪ್ಲೇಯರಿನ ರಿಮೋಟನ್ನು ಹುಡುಕಿ ಸೆಲ್ ಹಾಕಿ, ಅದರ ನಾಲ್ಕು ಗುಂಡಿಗಳನ್ನು ಯೂನಿವರ್ಸಲ್ ರಿಮೋಟಿನಲ್ಲಿ ನೀವು ಬಳಸದ ಬಣ್ಣದ ಗುಂಡಿಗಳಿಗೆ ಕಲಿಸಿ. ಕಲಿಸುವಾಗ ಎರಡು ರಿಮೋಟ್‌ಗಳ ಮೂತಿಗಳನ್ನು ಎದುರುಬದುರಾಗಿ ಕೆಲವೇ ಸೆಂಟಿಮೀಟರ್ ಅಂತರದಲ್ಲಿ, ಬಿಸಿಲು ಬೀಳದ ಕಡೆ ಇಡಬೇಕು. ಆಮೇಲೆ ಕೆಂಪು ಒತ್ತಿದರೆ ಹಜಾರದ ದೀಪ, ಹಸಿರು ಜಗಲಿಗೆ, ಹಳದಿ ಬಚ್ಚಲು ಮನೆಯ ದಾರಿಗೆ, ನೀಲಿ ಒತ್ತಿದರೆ ಎಲ್ಲವೂ ಆಫ್. ಟಿವಿಯ ವಾಲ್ಯೂಮ್ ಇರುವ ರಿಮೋಟಿನಲ್ಲೇ ದೀಪವೂ ಬಂತು, ಫೋನು ನಡುವೆ ಬರಲಿಲ್ಲ.

ಈ ದಾರಿಯ ಅಪಾಯವನ್ನೂ ಹೇಳಬೇಕು. ಹೋಮ್ ಅಸಿಸ್ಟೆಂಟ್‌ಗೆ ಆಗಾಗ ಗಮನ ಕೊಡುವವರು ಬೇಕು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಮೆಮೊರಿ ಕಾರ್ಡಿನ ಮೇಲೆ ನಡೆಸುತ್ತಿದ್ದು ಪದೇ ಪದೇ ಕರೆಂಟ್ ಹೋದರೆ ಕಾರ್ಡು ಕೆಡುವುದುಂಟು. ಕಾರ್ಡಿನ ಬದಲು ಎಸ್‌ಎಸ್‌ಡಿ ಎಂಬ ಗಟ್ಟಿಯಾದ ಸಂಗ್ರಹ ಸಾಧನ ಹಾಕಿ ಇನ್ವರ್ಟರ್ ಲೈನಿನಲ್ಲಿಡಬೇಕು, ಬ್ಯಾಕಪ್ಪನ್ನು ಬೇರೆ ಕಡೆ ಉಳಿಸಬೇಕು. ನಿಮ್ಮ ಮೈದುನನಿಗೆ ಇದರಲ್ಲಿ ಆಸಕ್ತಿಯಿದ್ದರೆ ಮಾತ್ರ ಇದಕ್ಕೆ ಕೈಹಾಕಿ. ಇಲ್ಲದಿದ್ದರೆ ಗೋಡೆಗೆ ಅಂಟಿಸಬಹುದಾದ, ಜಿಗ್‌ಬೀ ಎಂಬ ರೇಡಿಯೋ ಪದ್ಧತಿಯ ಗುಂಡಿಯೊಂದನ್ನು ಮಾವನವರ ಕುರ್ಚಿಯ ಪಕ್ಕ ಇಡುವುದೇ ಲೇಸು. ಅದಕ್ಕೆ ಹೊಂದುವ ಜಿಗ್‌ಬೀ ಹಬ್ ಬೇಕು, ಮತ್ತು ರಿಮೋಟ್ ಒಂದರ ಬದಲು ಎರಡಾಗುತ್ತದೆ. ಆದರೆ ನಿರ್ವಹಣೆ ಬಹುತೇಕ ಇಲ್ಲ.

ಏನನ್ನೇ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ರೌಟರ್ ಆನ್ ಇರುವಂತೆಯೇ ಅದಕ್ಕೆ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲನ್ನು ಕಳಚಿ, ಫೋನಿನ ಮೊಬೈಲ್ ಡೇಟಾ ಆರಿಸಿ, ಆ್ಯಪ್‌ನಿಂದ ದೀಪ ಹತ್ತಿಸಿ ನೋಡಿ. ಹತ್ತದಿದ್ದರೆ ನಿಮ್ಮ ಹಜಾರದ ದೀಪದ ಆಜ್ಞೆ ದೂರದ ಸರ್ವರಿಗೆ ಹೋಗಿ ಬರುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದ ದಿನ ಅಂಥ ಸ್ವಿಚ್‌ಗೆ ರಿಮೋಟ್ ಜೋಡಿಸಿಯೂ ಪ್ರಯೋಜನವಿಲ್ಲ. ಆ ದಿನಗಳಿಗಾಗಿಯೇ ಗೋಡೆಯ ಸ್ವಿಚ್ ಕೈಯಿಂದಲೂ ಕೆಲಸ ಮಾಡುವಂತಿರಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಹಳೆಯ ಮನೆಯ ದಪ್ಪ ಗೋಡೆಗಳ ಬಗ್ಗೆಯೂ ಎರಡು ಮಾತು. ಅವಗೆಂಪು ಬೆಳಕು ಗೋಡೆಯನ್ನು ದಾಟುವುದಿಲ್ಲ, ಮರದ ಬಾಗಿಲನ್ನೂ ದಾಟುವುದಿಲ್ಲ. ಸುಣ್ಣ ಬಳಿದ ಬಿಳಿ ಗೋಡೆಯಿಂದ ಚೆನ್ನಾಗಿ ಪುಟಿಯುತ್ತದೆ. ಸೆಟ್‌ಟಾಪ್ ಬಾಕ್ಸ್ ಮರದ ಕಪಾಟಿನೊಳಗಿದ್ದರೆ ಹೊರಗಿಡಿ. ವೈಫೈ ಗೋಡೆ ದಾಟಿದರೂ ದಪ್ಪ ಗೋಡೆಯಲ್ಲಿ ಬಹಳ ಕುಂದುತ್ತದೆ. ಇಂಥ ಸಾಧನಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಬಳಸುವುದರಿಂದ ಹೊಸ ಕೋಣೆಗಳ ಕಡೆಗೆ ವೈಫೈ ಹರಡುವ ಎರಡನೆಯ ಪೆಟ್ಟಿಗೆ (ಆಕ್ಸೆಸ್ ಪಾಯಿಂಟ್) ಬೇಕಾಗಬಹುದು. ಅಮೆರಿಕದಲ್ಲಿರುವ ನೆಂಟರು ಝೀ-ವೇವ್ ಎಂಬ ಇನ್ನೊಂದು ರೇಡಿಯೋ ಪದ್ಧತಿಯ ಸ್ವಿಚ್ ತಂದುಕೊಡುತ್ತೇವೆಂದರೆ ಬೇಡವೆನ್ನಿ. ಅಲ್ಲಿಯದು 908 ಮೆಗಾಹರ್ಟ್ಸ್ ಆಸುಪಾಸಿನದು, ಭಾರತದಲ್ಲಿ ಝೀ-ವೇವ್‌ಗೆ ಬಳಸುವುದು 865. ಎರಡೂ ಒಂದಕ್ಕೊಂದು ಕೂಡುವುದಿಲ್ಲ.

ನಡುರಾತ್ರಿ ದೀಪ ಹತ್ತುವುದು ಸ್ವಿಚ್‌ನ ಒಂದು ಸೆಟ್ಟಿಂಗ್‌ನಿಂದ. ಕರೆಂಟ್ ಮರಳಿದಾಗ ಏನು ಮಾಡಬೇಕೆಂದು ಆ್ಯಪ್‌ನಲ್ಲಿ ಕೇಳಿರುವ ಕಡೆ ‘ಆನ್’ ಬದಲು ‘ಹಿಂದಿನ ಸ್ಥಿತಿ’ ಅಥವಾ ‘ಆಫ್’ ಆರಿಸಿ. ರೌಟರ್ ಮತ್ತು ಹಬ್‌ಗಳನ್ನು ಇನ್ವರ್ಟರ್ ಲೈನಿಗೆ ಸೇರಿಸಿ, ಇನ್ವರ್ಟರಿನ ಗುಂಡಿಯನ್ನು ಯುಪಿಎಸ್ ಮೋಡ್‌ಗೆ ಇಡಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಕ್ಷಣದಲ್ಲಿ ರೌಟರ್ ಆರಿ ಹೊಸದಾಗಿ ಶುರುವಾಗುತ್ತದೆ.

ಗೇಟಿನ ವಿಷಯದಲ್ಲಿ ನನ್ನ ಸಲಹೆ ಬೇರೆ. ಗೇಟಿನ ರಿಮೋಟ್ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ರೇಡಿಯೋ ಅಲೆಯದು. ಒಳ್ಳೆಯ ಗೇಟುಗಳಲ್ಲಿ ಪ್ರತಿ ಒತ್ತಿಗೂ ಸಂಕೇತ ಬದಲಾಗುವುದರಿಂದ ಅದನ್ನು ನಕಲು ಮಾಡಲಾಗುವುದಿಲ್ಲ. ನಕಲು ಮಾಡಲು ಸಾಧ್ಯವಾದರೆ ಅದು ಸ್ಥಿರ ಸಂಕೇತದ ಗೇಟು. ನೀವು ಮಾಡಿದ ನಕಲನ್ನು ಬೇಲಿಯಾಚೆ ನಿಂತವನೂ ಮಾಡಬಲ್ಲ. ಟಿವಿ ನೋಡುತ್ತ ತಪ್ಪಿ ಒತ್ತಿದ ಗುಂಡಿಗೆ ಗೇಟು ತೆರೆದುಕೊಂಡು ದನ ತೋಟಕ್ಕೆ ನುಗ್ಗುವ ಸಾಧ್ಯತೆಯನ್ನೂ ಯೋಚಿಸಬೇಕು. ಗೇಟಿಗೆ ಅದರದೇ ರಿಮೋಟ್ ಇರಲಿ. ಸೇರಿಸಲೇಬೇಕೆಂದಿದ್ದರೆ ಗೇಟ್ ಮೋಟಾರಿನ ಬೋರ್ಡಿನಲ್ಲಿ ಒತ್ತುಗುಂಡಿಗಾಗಿ ಬಿಟ್ಟಿರುವ ಟರ್ಮಿನಲ್‌ಗೆ ಒಣ ಸಂಪರ್ಕದ (ತಾನು ವಿದ್ಯುತ್ ಕೊಡದೆ, ಗುಂಡಿಯಂತೆ ಎರಡು ತಂತಿಗಳನ್ನಷ್ಟೇ ಕೂಡಿಸುವ) ರಿಲೇ ಹಾಕಿಸಿ, ಗೇಟು ಮುಚ್ಚಿದೆಯೇ ಎಂದು ಹೇಳುವ ಸೆನ್ಸರನ್ನೂ ಇಡಿಸಿ. ಗೀಸರ್ ಮತ್ತು ಬಾವಿಯ ಮೋಟಾರನ್ನು ಮಾತ್ರ ಈ ರಿಮೋಟಿಗೆ ತರಲೇಬೇಡಿ. ಅವಕ್ಕೆ ತಕ್ಕ ಕಾಂಟ್ಯಾಕ್ಟರ್, ಸ್ಟಾರ್ಟರ್‌ಗಳ ಕೆಲಸವನ್ನು ಸಣ್ಣ ಸ್ಮಾರ್ಟ್ ಪ್ಲಗ್ ಮಾಡಲಾರದು.

ಸ್ವಿಚ್‌ಬೋರ್ಡ್ ಒಳಗಿನ ಯಾವುದೇ ಕೆಲಸವನ್ನು ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಅವರು ಬಂದಾಗ ಅರ್ಥಿಂಗ್ ಸರಿಯಿದೆಯೇ ಎಂದು ಅಳೆಸಿ, ಮೇನ್ ಬೋರ್ಡಿನಲ್ಲಿ ವೋಲ್ಟೇಜಿನ ದಿಢೀರ್ ಏರಿಕೆಯನ್ನು ತಡೆಯುವ ಸರ್ಜ್ ರಕ್ಷಕ ಹಾಕಿಸಿ. ಎಂಸಿಬಿ ಸಿಡಿಲಿನ ಹೊಡೆತವನ್ನು ತಡೆಯುವುದಿಲ್ಲ. ಮುಂಗಾರಿಗೆ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾಗುವ ಸೂಚನೆ ಕಂಡ ಕೂಡಲೇ ಟಿವಿಯ ಪ್ಲಗ್ ಜತೆಗೆ ಡಿಶ್‌ನ ಕೇಬಲನ್ನೂ ಬಾಕ್ಸಿನಿಂದ ಕಳಚಿಡಿ, ಏಕೆಂದರೆ ಹೊಡೆತ ಮಾಡಿನ ಮೇಲಿನ ಆ ತಂತಿಯಿಂದಲೂ ಒಳಗೆ ಬರುತ್ತದೆ.

ಈ ವಾರ ಸಿಇಸಿ ಮತ್ತು ಸೆಟ್‌ಟಾಪ್ ಬಾಕ್ಸಿನ ಸಂಕೇತ, ಇವೆರಡನ್ನು ಮಾತ್ರ ಸರಿಪಡಿಸಿ, ಮಾವನವರು ಅದರಲ್ಲಿ ಕೆಲವು ದಿನ ಪಳಗಲಿ. ಹಳೆಯ ರಿಮೋಟ್‌ಗಳನ್ನು ಎಸೆಯಬೇಡಿ. ಸೆಲ್ ತೆಗೆದು ಒಂದು ಡಬ್ಬಿಯಲ್ಲಿಡಿ, ಮತ್ತೆ ಕಲಿಸಬೇಕಾದಾಗ ಅವೇ ಬೇಕು. ಸಿಇಸಿ ಹಾಕಿದ ಮೇಲೂ ಸ್ಟಿಕ್ ಬಾಣದ ಗುಂಡಿಗಳಿಗೆ ಓಗೊಡದಿದ್ದರೆ ಟಿವಿಯ ಬೆನ್ನಿನ ಮೇಲಿರುವ ಮಾದರಿ ಸಂಖ್ಯೆಯನ್ನೂ, ಸ್ವಿಚ್‌ಗಳ ಮೇಲೆ ಬರೆದಿರುವ ಹೆಸರನ್ನೂ, ಇಂಟರ್ನೆಟ್ ಕಳಚಿ ಮಾಡಿದ ಪರೀಕ್ಷೆಯಲ್ಲಿ ಏನಾಯಿತೆಂಬುದನ್ನೂ ಬರೆದು ಕಳುಹಿಸಿ. ಮುಂದಿನ ಹೆಜ್ಜೆಯನ್ನು ಅದನ್ನು ನೋಡಿ ಹೇಳುತ್ತೇನೆ.